ಪಂಚಾಯಿತಿಗೆ ಫೈಬರ್ ಬಂದ ಮಾತ್ರಕ್ಕೆ ಮನೆಗೆ ಇಂಟರ್ನೆಟ್ ಫ್ರೀ ಅಲ್ಲ

ವಿಜಯಪುರ ಜಿಲ್ಲೆಯ ಊರಿನ ಗ್ರೂಪ್‌ಗಳಲ್ಲಿ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. 'ಭಾರತ್‌ನೆಟ್ ಕೇಬಲ್ ಬಂದಿರುವ ಪಂಚಾಯಿತಿಯಲ್ಲಿ ಪ್ರತಿ ಮನೆಗೂ ಹೈಸ್ಪೀಡ್ ಇಂಟರ್ನೆಟ್ ಉಚಿತ. ಲಿಂಕ್ ಒತ್ತಿ, ಆಧಾರ್ ನಂಬರ್ ಹಾಕಿ' ಅಂತ. ಇದು ಸುಳ್ಳು. ದಯವಿಟ್ಟು ಲಿಂಕ್ ಒತ್ತಬೇಡಿ.

ಭಾರತ್‌ನೆಟ್ ಕೇಂದ್ರ ಸರ್ಕಾರದ ನಿಜವಾದ ಯೋಜನೆಯೇ. 2011ರಲ್ಲಿ ಬೇರೆ ಹೆಸರಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಗ್ರಾಮ ಪಂಚಾಯಿತಿವರೆಗೆ ಫೈಬರ್, ಅಂದರೆ ಇಂಟರ್ನೆಟ್ ಸಾಗಿಸುವ ಗಾಜಿನ ಎಳೆಯ ಕೇಬಲ್, ಎಳೆಯುವುದು ಅದರ ಮೊದಲ ಗುರಿ. ಅಲ್ಲಿಂದ ಮನೆಗೆ ಬೇರೆ ಕೇಬಲ್ ಬೇಕು, ಮೋಡೆಮ್ ಬೇಕು, ತಿಂಗಳ ಪ್ಲಾನ್ ಹಾಕಿಸಬೇಕು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತದಲ್ಲಿ ಮನೆ ಸಂಪರ್ಕವೂ ಸೇರಿದೆ. ಅದೂ ದುಡ್ಡು ಕಟ್ಟಿ ಪಡೆಯುವ ಕನೆಕ್ಷನ್ನೇ.

'ಕೇಬಲ್ ಸುಮ್ನೆ ಹಾಕಿದಾರೆ, ನೆಟ್ ಬರೋದೇ ಇಲ್ಲ' ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಆದರೆ ಆ ಸಿಟ್ಟಿನಲ್ಲಿ ನ್ಯಾಯವಿದೆ. ಪಂಚಾಯಿತಿ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ ನೋಡಿ. 'ಎಲ್‌ಒಎಸ್' ದೀಪ ಕೆಂಪಗೆ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ನೀರಿನ ಪೈಪ್‌ಗೆಂದು ಜೆಸಿಬಿ ಅಗೆದಾಗ ಎಲ್ಲೋ ಎಳೆ ತುಂಡಾಗಿರಬಹುದು. ಹಳೆಯ ಜಾಲ ಬಹುಮಟ್ಟಿಗೆ ಒಂದೇ ಸಾಲಿನದು. ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಬಂದ್. ಹೊಸ ಹಂತದಲ್ಲಿ ಉಂಗುರದ ಹಾಗೆ ಜೋಡಿಸುತ್ತಾರೆ, ಆಗ ಇನ್ನೊಂದು ಕಡೆಯಿಂದ ಸಿಗ್ನಲ್ ಬರುತ್ತದೆ. ಇಂಡಿ, ಸಿಂದಗಿ ಕಡೆಯ ಓದುವ ಮಕ್ಕಳಿಗೆ ಇದು ಬೇಗ ಸಿಗಲೇಬೇಕು.

ಕನೆಕ್ಷನ್ ಬೇಕಿದ್ದರೆ ಪಂಚಾಯಿತಿಯಲ್ಲಿ ಪಿಡಿಒ ಅವರನ್ನೇ ಕೇಳಿ. ಈಗಾಗಲೇ ಒಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.