ಜನ ಕಡಿಮೆ ಅಂತ ಬಸ್ಸಿಲ್ಲವೋ, ಬಸ್ಸಿಲ್ಲ ಅಂತ ಜನ ಕಡಿಮೆಯೋ?
'ಜನಸಂಖ್ಯೆ ಕಡಿಮೆ, ಹಾಗಾಗಿ ಬಸ್ಸಿಲ್ಲ' ಅಂತ ಹಳ್ಳಿ ಬಸ್ಸುಗಳ ಬಗ್ಗೆ ಬಂದ ಲೇಖನದಲ್ಲಿದೆ. ನಮ್ಮ ಮಲೆನಾಡಲ್ಲಿ ಅದು ತಿರುಗಾಮುರುಗಾ ಸಾರ್. ಬಸ್ಸಿಲ್ಲದ್ದಕ್ಕೇ ಹುಡುಗರೆಲ್ಲ ಪೇಟೆ ಸೇರಿದ್ದು. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ ಹಾಕೋದಕ್ಕೆ ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನರಿರುವ ಊರುಗಳನ್ನು ಹುಡುಕಿತು, ಅದೂ 2001ರ ಜನಗಣತಿ ಲೆಕ್ಕದಲ್ಲಿ. ಇಲ್ಲಿ ಗುಡ್ಡಕ್ಕೊಂದು ಮನೆ, ತೋಟದಾಚೆ ಇನ್ನೊಂದು. ಅಷ್ಟು ತಲೆ ಎಲ್ಲಿಂದ ತರೋದು? 2023ರ ಶಕ್ತಿ ಯೋಜನೆ ಬಂದಮೇಲೆ ಅಮ್ಮನಿಗೆ ಟಿಕೆಟ್ ಉಚಿತ, ಸಂತೋಷವೇ. ಆದರೆ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳ್ಳದ ಮೇಲಿನ ಕಾಲುಸಂಕ ದಾಟಿ ಮೂರು ಕಿಲೋಮೀಟರ್ ನಡೆದರೇನೇ ಬಸ್ಸಿನ ಮುಖ ಕಾಣೋದು. ಮಳೆಗಾಲದಲ್ಲಿ ಸಂಕ ಮುಳುಗಿದರೆ ಅದೂ ಇಲ್ಲ. ಕಾಯಿಲೆ ಬಿದ್ದರೆ ಪಕ್ಕದ ಮನೆಯವರ ಜೀಪೇ ಗತಿ, ಡೀಸೆಲ್ ದುಡ್ಡು ನಮ್ಮದು.