"ನ್ಯಾನೋನೇ ಹಾಕ್ರಿ ಡಾಕ್ಟ್ರೇ"

"ಡಾಕ್ಟ್ರೇ, ನ್ಯಾನೋ ಸಿಮೆಂಟೇ ಹಾಕ್ರಿ, ಅದೇ ಚಲೋ ಅದ ಅಂತಾರ." ಕಲಬುರಗಿಯಲ್ಲಿ ಹಲ್ಲಿನ ಕ್ಲಿನಿಕ್ ನಡೆಸುವ ನನಗೆ, ಹುಳುಕು ಹಲ್ಲು ತುಂಬಿಸಿಕೊಳ್ಳೋಕೆ ಬರೋರಿಂದ ಈ ಮಾತು ಈಗ ಮಾಮೂಲು. ಹಾಕೋಣ, ಬೇಡ ಅನ್ನಲ್ಲ. ಆದರೆ ಬರೀ ಹೆಸರಿಗೆ ಜಾಸ್ತಿ ದುಡ್ಡು ಕೊಡೋದು ನನಗೆ ಒಪ್ಪಿಗೆಯಿಲ್ಲ.

ಅವರು ಸಿಮೆಂಟ್ ಅನ್ನೋ ಹಲ್ಲಿನ ಬಣ್ಣದ ಕಾಂಪೋಸಿಟ್‌ನಲ್ಲಿ ಮುಖ್ಯವಾಗಿ ಇರೋದು ರೆಸಿನ್ ಅನ್ನೋ ಪ್ಲಾಸ್ಟಿಕ್‌ನಂಥ ಅಂಟು, ಅದರೊಳಗೆ ಗಾಜು, ಸಿಲಿಕಾದ ಪುಡಿ. ಅಮೆರಿಕದ ಹಲ್ಲಿನ ಸಂಶೋಧಕ ರಫೇಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರೆಸಿನ್ ಇವತ್ತಿಗೂ ಎಷ್ಟೋ ಕಾಂಪೋಸಿಟ್ ಸಿರಿಂಜ್‌ಗಳಲ್ಲಿದೆ. ಹೆಚ್ಚಾಗಿ ಬದಲಾಗಿದ್ದು ಪುಡಿಯ ಗಾತ್ರ. ದಪ್ಪ ಪುಡಿಯ ಹಳೆಯ ಮ್ಯಾಕ್ರೋಫಿಲ್ ಗಟ್ಟಿ, ಆದರೆ ಒರಟಾಗಿ ಚಹಾದ ಕಲೆ ಹಿಡಿಯುತ್ತಿತ್ತು. ತೀರಾ ಸಣ್ಣ ಪುಡಿಯ ಮೈಕ್ರೋಫಿಲ್‌ಗೆ ಪಾಲಿಶ್ ಚೆಂದ ಬರುತ್ತೆ, ದವಡೆಯ ಒತ್ತಡ ತಡೆಯಲ್ಲ. ನ್ಯಾನೋ ಕಣ ಬೆರೆಸಿದ ನ್ಯಾನೋಹೈಬ್ರಿಡ್ ಮುಂಭಾಗದ ಹಲ್ಲು, ದವಡೆ ಎರಡೂ ಕಡೆ ನಡೆಯುತ್ತೆ, ನಿಜ. ಆದರೆ ಅದಕ್ಕಿಂತ ಹಳೆಯ, ಒಳ್ಳೆ ಮೈಕ್ರೋಹೈಬ್ರಿಡ್ ಹಾಕಿದರೂ ಕಡಕ್ ರೊಟ್ಟಿ ಜಗಿಯೋ ಹಲ್ಲಿಗೆ ವ್ಯತ್ಯಾಸ ಗೊತ್ತಾಗಲ್ಲ. ಜೇಬಿಗೆ ಗೊತ್ತಾಗುತ್ತೆ ಅಷ್ಟೇ.

ನಿಜವಾದ ತಲೆನೋವು ಕುಗ್ಗೋದು. ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕಾಂಪೋಸಿಟ್ ಸಾಮಾನ್ಯವಾಗಿ ಶೇ 2-3ರಷ್ಟು ಕುಗ್ಗುತ್ತೆ. ಅಂಚು ಬಿಟ್ಟರೆ ತಣ್ಣೀರಿಗೆ ಜುಮ್ ಅನ್ನುತ್ತೆ, ಆಮೇಲೆ ಕೆಳಗೆ ಮತ್ತೆ ಹುಳುಕು. ಅದಕ್ಕೇ 2 ಮಿಲಿಮೀಟರ್ ಪದರ ಇಟ್ಟು, ಬೆಳಕು ಹಿಡಿದು, ಅದರ ಮೇಲೆ ಇನ್ನೊಂದು. ಬಲ್ಕ್‌ಫಿಲ್ ಅನ್ನೋ ದಪ್ಪ ಪದರದ ಕಾಂಪೋಸಿಟ್ ಆದರೆ ಸುಮಾರು 4 ಮಿಲಿಮೀಟರ್ ಒಂದೇ ಸಲಕ್ಕೆ ಆಗುತ್ತೆ. ಕೆಲಸ ಬೇಗ, ಬಾಯಿಯ ಮುಂಭಾಗದ ಹಲ್ಲಿಗೆ ಮಾತ್ರ ಚೆಂದ ಕಾಣಲ್ಲ. ಫ್ಲೋಯಬಲ್ ಅನ್ನೋ ತೆಳ್ಳಗಿನ ಕಾಂಪೋಸಿಟ್‌ನಲ್ಲಿ ಪುಡಿ ಕಮ್ಮಿ. ಸಣ್ಣ ಸಂದಿಗೆ ಸಲೀಸಾಗಿ ಹರಿಯುತ್ತೆ, ಕುಗ್ಗೋದೂ ಜಾಸ್ತಿ. ದೊಡ್ಡ ದವಡೆ ಹಲ್ಲಿಗೆ ಮಾಮೂಲಿ ಫ್ಲೋಯಬಲ್ ಒಂದನ್ನೇ ತುಂಬಿ ಕಳಿಸೋದು ಸೋಮಾರಿತನ.

ಇನ್ನು ಉಗುಳು. ಕಾಂಪೋಸಿಟ್ ಅಂಟಲಿ ಅಂತ ಆಸಿಡ್ ಜೆಲ್ ಹಚ್ಚಿ ತೊಳೆದು ಗಾಳಿ ಹಿಡಿದರೆ ಹಲ್ಲಿನ ಹೊರಪದರ ಎನಾಮೆಲ್ ಸುಣ್ಣ ಬಳಿದಂತೆ ಬೆಳ್ಳಗೆ, ಹೊಳಪಿಲ್ಲದೆ ಕಾಣುತ್ತೆ. ಅದರ ಮೇಲೆ ಉಗುಳು ಬಿತ್ತೋ, ಮತ್ತೆ ಮೊದಲಿಂದ. ಉಗುಳು ತಡೆಯೋ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಕಟ್ಟಿದರೆ "ಉಸಿರು ಕಟ್ಟತದ್ರಿ" ಅಂತ ತೆಗೆಸೋರಿಗೆ ನನ್ನದೊಂದೇ ವಿನಂತಿ: ಸ್ವಲ್ಪ ತಡ್ಕೊಳ್ರಿ. ಹುಳುಕು ಒಸಡಿನ ಕೆಳಗಿಳಿದು ರಕ್ತ ನಿಲ್ಲದೇ ಇದ್ದರೆ, ನ್ಯಾನೋ ಬಿಟ್ಟು ತೇವ ಸ್ವಲ್ಪ ತಡ್ಕೊಳ್ಳೋ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಾಕೋಣ ಅಂತೀನಿ.

ನಮ್ಮೂರ ಬಿಸಿಲೂ ಲೆಕ್ಕಕ್ಕೆ ಬರುತ್ತೆ. ಕಾಂಪೋಸಿಟ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 25 ಡಿಗ್ರಿಯೊಳಗೆ ಇಡಿ ಅಂತ ಇರುತ್ತೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತೆ, ಕರೆಂಟ್ ಬೇರೆ ಹೋಗುತ್ತೆ. ಕೇಳೋದಿದ್ದರೆ ಸಿರಿಂಜ್ ಎಲ್ಲಿಡ್ತೀರಿ, ಎಕ್ಸ್‌ಪೈರಿ ಯಾವಾಗ ಅಂತ ಕೇಳಿ. ಡಾಕ್ಟರ್ ಸಿಟ್ಟಾದರೆ ನನ್ನ ಹೆಸರು ಮಾತ್ರ ಹೇಳಬೇಡಿ.