ಉಳ್ಳಾಗಡ್ಡಿ ವೈದ್ಯ

ಇಷ್ಟು ವರ್ಷ ಸೋಫಾದ ಮೇಲೆ ಬಿದ್ದುಕೊಂಡೇ ಕಾಲ ಕಳೆದೆ, ಒಂದು ದಿನವೂ ತಲೆ ತಿರುಗಲಿಲ್ಲ. ಮೈ ಸುಧಾರಿಸಲಿ ಅಂತ ವ್ಯಾಯಾಮ ಶುರು ಮಾಡಿದೆ ನೋಡಿ, ಬಗ್ಗಿ ಎದ್ದರೆ ಸಾಕು, ಕಣ್ಣಿಗೆ ಕತ್ತಲೆ. ಶೂ ಲೇಸ್ ಕಟ್ಟಿ ಎದ್ದರೂ ಇಡೀ ಹುಬ್ಬಳ್ಳಿ ಅರ್ಧ ಸುತ್ತು ತಿರುಗುತ್ತದೆ. ಇದ್ಯಾವ ನ್ಯಾಯ?

ಹೋಗಲಿ, ತಿರುಗಿದ ತಲೆ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ನಿಲ್ಲದೇ ಇರುವವರು ನೃಪತುಂಗ ಬೆಟ್ಟದ ನಮ್ಮ ಕಾಕಾ. ಬೆಳಿಗ್ಗೆ ವಾಕಿಂಗ್‌ಗೆ ಬರುವವರಿಗೆಲ್ಲ ಅವರು ಕಾಕಾ. ಮೊನ್ನೆ ಬಸ್ಕಿ ಹೊಡೆದು ಎದ್ದವನು ಬೆಂಚು ಹಿಡಿದುಕೊಂಡೆ, ಅಷ್ಟೇ. "ಏ, ಚಕ್ಕರ್ ಬಂತೇನ್ ತಮ್ಮಾ? ಕೂಡು, ಕೂಡು!" ಅಂದವರೇ ಟ್ರ್ಯಾಕ್ ಪ್ಯಾಂಟಿನ ಕಿಸೆಯಿಂದ ಒಂದು ಉಳ್ಳಾಗಡ್ಡಿ ತೆಗೆದರು. ವಾಕಿಂಗ್‌ಗೆ ಯಾರಾದರೂ ಉಳ್ಳಾಗಡ್ಡಿ ತರುತ್ತಾರಾ? ಕಾಕಾ ತರುತ್ತಾರೆ. ದಿನಾ. ಯಾರಾದರೂ ಬಿದ್ದಾರು ಅನ್ನೋ ಆಸೆಯಿಂದಲೋ ಏನೋ.

ಬೆಂಚಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರು. ಒಡೆದದ್ದನ್ನು ನನ್ನ ಮೂಗಿಗೆ ಒತ್ತಿ, "ಜಗ್ಗಿ ಉಸಿರು ತಗೋ" ಅಂದರು. ಅಷ್ಟರಲ್ಲಿ ನನ್ನ ತಲೆ ಸರಿಯಾಗಿತ್ತು. ಹೇಳೋಣ ಅಂದರೆ ಬಾಯಿಗೂ ಉಳ್ಳಾಗಡ್ಡಿ ಅಡ್ಡ. ಕಣ್ಣಲ್ಲಿ ದಳದಳ ನೀರು. "ಪಾಪ, ಅಳಾಕತ್ತಾನ ನೋಡ್ರಿ" ಅಂದರು ಯಾರೋ ಅಕ್ಕ. ಜನ ಸೇರಿದರು. ಒಬ್ಬರು ಶುಗರ್ ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ಬೆಟ್ಟ ಇಳಿದ ಮೇಲೆ ಕಾಕಾ ಅದೇ ಉಳ್ಳಾಗಡ್ಡಿಯನ್ನು ಗಿರಮಿಟ್ ಜೊತೆ ಕಚ್ಚಿ ತಿಂದರು. ನನ್ನ ಮೂಗಿಗೆ ತಾಗಿದ ಪದರ ಮಾತ್ರ ಸುಲಿದು ಎಸೆದರು. ಅದೊಂದು ಅವಮಾನ ಬೇರೆ.

ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಎದ್ದು ನಿಂತರೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆ ಕಡೆ ಇಳಿಯುತ್ತದಂತೆ. ರಕ್ತನಾಳ ಬಿಗಿಯಾಗಿ ಅದನ್ನು ಮೇಲಕ್ಕೆ ಕಳಿಸಬೇಕು. ವ್ಯಾಯಾಮದಲ್ಲಿ ಕಾಲಿನ ನಾಳಗಳು ಹಿಗ್ಗಿರುತ್ತವೆ, ಬೆವರಿ ಮೈಯಲ್ಲಿ ನೀರೂ ಕಡಿಮೆ, ಅದಕ್ಕೇ ತಲೆಗೆ ರಕ್ತ ತಲುಪುವುದು ತಡ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದರೆ ಕಾಯಿಲೆ ಲೆಕ್ಕ. ನನ್ನದು ಅಷ್ಟು ಇಳಿದಿರಲಿಲ್ಲ. ಇದನ್ನು ಕೇಳಿ ಕಾಕಾಗೆ ಬೇಸರವಾಯಿತು.

"ಭಾಳ ನೀರು ಕುಡೀರಿ. ಬಸ್ಕಿ ಮುಗದ ಮ್ಯಾಲೆ ಒಮ್ಮೆಲೇ ನಿಲ್ಲಬ್ಯಾಡ್ರಿ, ಸ್ವಲ್ಪ ಅಡ್ಡಾಡ್ರಿ. ಮುಂಜಾನೆ ಹಾಸಿಗಿ ಮ್ಯಾಲೆ ಒಂದೆರಡು ನಿಮಿಷ ಕೂತು ಆಮ್ಯಾಲೆ ಏಳ್ರಿ" ಅಂದರು ಡಾಕ್ಟರು.

ನಮ್ಮ ಅಪ್ಪ ಹಾಗೇ ಕೂರುತ್ತಿದ್ದರು. ಅಂಗೈ ನೋಡಿಕೊಂಡು 'ಕರಾಗ್ರೇ ವಸತೇ' ಅನ್ನುತ್ತಿದ್ದರು, ಎಳೆದೆಳೆದು, ಮುಗಿದ ಮೇಲೆ ಮತ್ತೊಮ್ಮೆ. ಎಷ್ಟು ಭಕ್ತಿ ಅಂತಿದ್ದೆವು ನಾವು. ಅವರಿಗೂ ಕಣ್ಣಿಗೆ ಕತ್ತಲೆ ಬರುತ್ತಿತ್ತೋ ಏನೋ. ಯಾರೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ನಾನೂ ಕೂತು ನೋಡಿದೆ. ಆದರೆ ನಮ್ಮೂರಿನ ನಳ ನಿಮಗೆ ಗೊತ್ತಲ್ಲ, ದಿನಗಟ್ಟಲೆ ಕಾಯಿಸಿ, ಬಂದರೆ ನಸುಕಿನಲ್ಲೇ ಬರುತ್ತದೆ. "ನೀರು ಬಂದಾವ್ರೀ, ಲಗೂನ ಏಳ್ರಿ!" ಅಂತ ಅಡುಗೆಮನೆಯಿಂದ ಹೆಂಡತಿ ಕೂಗುತ್ತಾಳೆ, ಜೊತೆಗೆ ಖಾಲಿ ಕೊಡದ ಸದ್ದು. ಆಗ ನಿಧಾನಕ್ಕೆ ಏಳುವುದು ಹೇಗೆ ಅಂತ ಆ ಡಾಕ್ಟರೇ ಬಂದು ಅವಳ ಮುಂದೆ ಹೇಳಲಿ.